ನೀಲಿ ಚುಕ್ಕೆಯ ಎರಡು ತೊರಕೆಗಳು: ರಿಬ್ಬನ್‌ಟೇಲ್ ಮತ್ತು ಮಾಸ್ಕ್‌ರೇ ಗುರುತಿಸುವ ಸಮಗ್ರ ಮಾರ್ಗದರ್ಶಿ

ಅಂಡಮಾನಿನಲ್ಲೋ ಥಾಯ್ಲೆಂಡಿನಲ್ಲೋ ಡೈವ್ ಮಾಡಿ ಬಂದವರ ಫೋಟೊಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಮೈಮೇಲೆ ನೀಲಿ ಚುಕ್ಕೆ ಇರುವ ತೊರಕೆ (ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು, ಇಂಗ್ಲಿಷಿನಲ್ಲಿ ಸ್ಟಿಂಗ್‌ರೇ) ಕಂಡರೆ ಸಾಕು, ಕೆಳಗೆ ‘ಬ್ಲೂ ಸ್ಪಾಟೆಡ್ ರೇ’ ಎಂದು ಬರೆದು ಮುಗಿಸುತ್ತಾರೆ. ಆ ಹೆಸರು ಕನಿಷ್ಠ ಎರಡು ಬೇರೆ ಮೀನುಗಳಿಗೆ ಹೊಂದುತ್ತದೆ. ಒಂದು ಬ್ಲೂ ಸ್ಪಾಟೆಡ್ ರಿಬ್ಬನ್‌ಟೇಲ್ ರೇ, ಅಂದರೆ ಟೀನಿಯೂರಾ ಲಿಮ್ಮಾ. ಇನ್ನೊಂದು ಬ್ಲೂ ಸ್ಪಾಟೆಡ್ ಮಾಸ್ಕ್‌ರೇ, ಅಂದರೆ ನಿಯೋಟ್ರೈಗಾನ್ ಕುಲದ ಮೀನು. ಎರಡೂ ಡ್ಯಾಸಿಯಾಟಿಡೇ ಕುಟುಂಬದವು, ಅದರೊಳಗೆ ಒಂದೇ ಉಪಕುಟುಂಬಕ್ಕೆ ಸೇರಿದವು. ಗಾತ್ರದಲ್ಲಿ ಸಣ್ಣವು, ಹವಳದ ದಿಬ್ಬಗಳ ಸುತ್ತಮುತ್ತಲೇ ಸಿಗುತ್ತವೆ, ಮೈಮೇಲಿನ ಚುಕ್ಕೆಗಳೂ ನೀಲಿಯೇ.

ತಪ್ಪಾಗುವುದಕ್ಕೆ ಮುಖ್ಯ ಕಾರಣ ನೋಡುವ ಕ್ರಮ. ಎಲ್ಲರ ಕಣ್ಣೂ ಮೊದಲು ಚುಕ್ಕೆಯ ಮೇಲೆ ಬೀಳುತ್ತದೆ. ಆದರೆ ಎರಡಕ್ಕೂ ಸಮಾನವಾದ ಲಕ್ಷಣವೇ ಅದು. ಬಾಲದಿಂದ ಶುರು ಮಾಡಿ, ದೇಹದ ಆಕಾರ ನೋಡಿ, ಕಣ್ಣಿನ ಭಾಗಕ್ಕೆ ಬಂದು, ಚುಕ್ಕೆಯನ್ನು ಕೊನೆಗೆ ಇಟ್ಟುಕೊಂಡರೆ ಹೆಚ್ಚಿನ ಫೋಟೊಗಳು ಮೊದಲ ಎರಡು ಹಂತದಲ್ಲೇ ಇತ್ಯರ್ಥವಾಗುತ್ತವೆ.

ಬೇಕಾಗುವ ಸಾಮಾನು

ನೀರಿನಡಿ ಗುರುತಿಸಲು: ಜೂಮ್ ಇರುವ ಕ್ಯಾಮೆರಾ, ಬಿಳಿ ಬೆಳಕಿನ ಟಾರ್ಚ್, ಬರೆಯುವ ಸ್ಲೇಟ್, ಆಳ ತೋರಿಸುವ ಡೈವ್ ಕಂಪ್ಯೂಟರ್. ತೀರಾ ಅಗಲ ಕೋನದ ಆಕ್ಷನ್ ಕ್ಯಾಮೆರಾ ಮಾತ್ರ ಇದ್ದರೆ ವಿಡಿಯೊ ಮಾಡಿ, ಆಮೇಲೆ ಒಂದೊಂದು ಫ್ರೇಮ್ ನಿಲ್ಲಿಸಿ ನೋಡಿ.

ಮೀನುಗಾರಿಕೆ ಧಕ್ಕೆಯಲ್ಲಿ ಸತ್ತ ಮೀನು ನೋಡುವುದಾದರೆ: ಸೆಂಟಿಮೀಟರ್ ಗುರುತಿನ ಟೇಪ್, ದಪ್ಪ ರಬ್ಬರ್ ಕೈಗವಸು, ಉದ್ದ ಇಕ್ಕಳ, ಒಂದು ಪೆನ್. ಸತ್ತ ತೊರಕೆಯ ಮುಳ್ಳಿನಲ್ಲೂ ವಿಷದ ಅಂಶ ಉಳಿದಿರುತ್ತದೆ. ಹಾಗಾಗಿ ಕೈಗವಸು ಹಾಕಿಕೊಂಡಿದ್ದರೂ ಬಾಲವನ್ನು ಇಕ್ಕಳದಿಂದಲೇ ಸರಿಸಿ. ಗರಗಸದಂಥ ಅಂಚಿನ ಮುಳ್ಳು ರಬ್ಬರನ್ನು ಸುಲಭವಾಗಿ ಸೀಳುತ್ತದೆ.

ಹಂತ 1: ಹತ್ತಿರ ಹೋಗುವ ರೀತಿ

ಮೊದಲ ಫೋಟೊ ದೂರದಿಂದಲೇ ತೆಗೆಯಿರಿ, ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಮೀನು ಓಡಿಹೋದರೆ ನಿಮ್ಮ ಬಳಿ ಉಳಿಯುವುದು ಅದೊಂದೇ. ಆಮೇಲೆ ತಳಕ್ಕೆ ಸಮಾನಾಂತರವಾಗಿ, ಪಕ್ಕದಿಂದ, ನಿಧಾನವಾಗಿ ಸರಿಯಿರಿ. ಸುಮಾರು 2 ಮೀಟರ್ ದೂರದಲ್ಲಿ ನಿಂತು ಜೂಮ್ ಬಳಸಿ.

ನೇರ ಮೇಲಿನಿಂದ ಇಳಿಯಬೇಡಿ. ತೊರಕೆಯನ್ನು ಬೇಟೆಯಾಡುವ ಶಾರ್ಕ್ ಮೇಲಿನಿಂದಲೇ ಬರುತ್ತದೆ, ನಿಮ್ಮ ನೆರಳು ಬಿದ್ದರೂ ಅದು ಹೆದರುತ್ತದೆ. ಬಂಡೆಯ ಪೊಟರೆಯೊಳಗೆ ಇರುವ ಮೀನಿನ ಬಾಗಿಲಿಗೆ ಅಡ್ಡ ನಿಲ್ಲುವುದು ಇದಕ್ಕಿಂತ ದೊಡ್ಡ ತಪ್ಪು. ಹೊರಗೆ ಹೋಗಲು ದಾರಿ ಇಲ್ಲದಾಗ ಅಥವಾ ಯಾರಾದರೂ ತುಳಿದಾಗ ತೊರಕೆ ಮುಳ್ಳು ಬಳಸುತ್ತದೆ, ದಾರಿ ಬಿಟ್ಟರೆ ಸಾಮಾನ್ಯವಾಗಿ ಸುಮ್ಮನೆ ಹೋಗಿಬಿಡುತ್ತದೆ.

ಹಿಂದೆ ಸರಿಯಬೇಕಾದ ಸೂಚನೆಗಳು ಇವು. ಬಾಲ ಚೇಳಿನಂತೆ ಬೆನ್ನಿನ ಮೇಲೆ ಬಾಗಿ ಏಳುತ್ತದೆ. ದೇಹದ ಮುಂಭಾಗ ಮರಳಿನಿಂದ ಮೇಲೆ ಏಳುತ್ತದೆ. ಮೀನು ನಿಮ್ಮತ್ತ ಹಿಂಭಾಗ ತಿರುಗಿಸುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಫೋಟೊ ಸಾಕು, ಹಿಂದೆ ಬನ್ನಿ.

ತೆಗೆಯಬೇಕಾದದ್ದು ನಾಲ್ಕು ಫೋಟೊ: ಇಡೀ ಮೀನು, ಬಾಲದ ಬುಡ, ಬಾಲದ ತುದಿ, ಕಣ್ಣಿನ ಭಾಗ. ಹೆಚ್ಚಿನವರು ಮುಖದ ಫೋಟೊ ಹತ್ತು ತೆಗೆದು ಬಾಲವನ್ನು ಚೌಕಟ್ಟಿನಿಂದ ಹೊರಗೆ ಬಿಡುತ್ತಾರೆ. ಒಂದೇ ಫೋಟೊಗೆ ಸಮಯವಿದ್ದರೆ ಬಾಲವನ್ನೇ ತೆಗೆಯಿರಿ.

ಹಂತ 2: ಬಾಲ ನೋಡಿ

ಇಡೀ ಕೆಲಸದ ತಿರುಳು ಇಲ್ಲಿದೆ, ಹಾಗಾಗಿ ಇಲ್ಲಿ ಆತುರ ಬೇಡ.

ರಿಬ್ಬನ್‌ಟೇಲ್‌ನ ಬಾಲ ದಪ್ಪ. ಅದರ ಎರಡೂ ಪಕ್ಕದಲ್ಲಿ ಒಂದೊಂದು ಹೊಳೆಯುವ ನೀಲಿ ಗೆರೆ ಉದ್ದಕ್ಕೂ ಓಡುತ್ತದೆ. ಬಾಲದ ಅಡಿಭಾಗದಲ್ಲಿ ಚರ್ಮದ ಅಗಲವಾದ ಮಡಿಕೆ ಇದ್ದು ಅದು ಬಾಲದ ತುತ್ತತುದಿಯವರೆಗೂ ಹೋಗುತ್ತದೆ. ಮೀನು ಈಜುವಾಗ ಬಾಲದ ಹಿಂಭಾಗ ಚಪ್ಪಟೆ ಪಟ್ಟಿಯಂತೆ ಕಾಣುವುದು ಈ ಮಡಿಕೆಯಿಂದ. ಬಾಲದ ಒಟ್ಟು ಉದ್ದ ದೇಹದ ಉದ್ದದ ಸುಮಾರು ಒಂದೂವರೆ ಪಟ್ಟು.

ಮಾಸ್ಕ್‌ರೇಯ ಬಾಲ ಬುಡದಲ್ಲಿ ಸ್ವಲ್ಪ ಅಗಲವಿದ್ದು ಮುಳ್ಳು ದಾಟಿದ ಮೇಲೆ ಬೇಗ ಸಣ್ಣದಾಗಿ ಚಾಟಿಯಂತಾಗುತ್ತದೆ. ನೀಲಿ ಗೆರೆ ಇರುವುದಿಲ್ಲ. ಮುಳ್ಳಿನ ಹಿಂದೆ ಕಪ್ಪು ಬಿಳುಪಿನ ಅಡ್ಡಪಟ್ಟೆಗಳು ಒಂದಾದ ಮೇಲೊಂದು ಬರುತ್ತವೆ, ತುದಿ ಸಾಮಾನ್ಯವಾಗಿ ಬಿಳಿ. ಚರ್ಮದ ಮಡಿಕೆ ಮೇಲೂ ಕೆಳಗೂ ಇದೆ, ಆದರೆ ಎರಡೂ ಕಿರಿದು, ತುದಿ ಮುಟ್ಟುವುದಿಲ್ಲ.

ಒಂದೇ ಮಾತಿನಲ್ಲಿ ನೆನಪಿಡುವುದಾದರೆ, ಉದ್ದ ಗೆರೆ ಇದ್ದರೆ ರಿಬ್ಬನ್‌ಟೇಲ್, ಅಡ್ಡ ಪಟ್ಟೆ ಇದ್ದರೆ ಮಾಸ್ಕ್‌ರೇ.

ಮುಳ್ಳಿನ ಜಾಗವೂ ಸಹಾಯಕ್ಕೆ ಬರುತ್ತದೆ. ರಿಬ್ಬನ್‌ಟೇಲ್‌ನಲ್ಲಿ ಮುಳ್ಳು ಬಾಲದ ಬುಡದಿಂದ ಸಾಕಷ್ಟು ಹಿಂದಕ್ಕೆ ಇರುತ್ತದೆ, ಹೆಚ್ಚಾಗಿ ಎರಡು ಮುಳ್ಳು. ಇದು ಗುರುತಿಗಷ್ಟೇ ಅಲ್ಲ, ಸುರಕ್ಷತೆಗೂ ಸಂಬಂಧಿಸಿದ ವಿಷಯ. ಮುಳ್ಳು ಹಿಂದೆ ಇರುವಷ್ಟೂ ಬಾಲ ಬೀಸಿದಾಗ ಅದು ತಲುಪುವ ದೂರ ಹೆಚ್ಚು. ಮುಳ್ಳುಗಳ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಹಳೆಯದು ಉದುರಿ ಹೊಸದು ಬೆಳೆಯುವ ಅಂಗ ಅದು, ಎಣಿಕೆ ಬದಲಾಗುತ್ತಲೇ ಇರುತ್ತದೆ.

ಇಲ್ಲಿ ತಪ್ಪುವುದು ಎಲ್ಲಿ? ಬಾಲ ತುಂಡಾದ ಮೀನುಗಳಲ್ಲಿ. ಬೇರೆ ಮೀನು ಕಚ್ಚಿಯೋ ಬಲೆಗೆ ಸಿಕ್ಕಿಯೋ ಬಾಲದ ಅರ್ಧ ಹೋದ ತೊರಕೆಗಳು ಅಪರೂಪವಲ್ಲ. ಅಂಥ ಮಾಸ್ಕ್‌ರೇಯಲ್ಲಿ ಅಡ್ಡಪಟ್ಟೆ ಇರುವ ಭಾಗವೇ ಇರುವುದಿಲ್ಲ, ಮೊಂಡು ಬಾಲ ದಪ್ಪವಾಗಿ ಕಂಡು ರಿಬ್ಬನ್‌ಟೇಲ್ ಎಂಬ ಭ್ರಮೆ ಹುಟ್ಟಿಸುತ್ತದೆ. ಆಗ ಬುಡ ನೋಡಿ. ರಿಬ್ಬನ್‌ಟೇಲ್‌ನ ನೀಲಿ ಗೆರೆ ಬುಡದ ಹತ್ತಿರವೇ ಶುರುವಾಗುವುದರಿಂದ ಬಾಲ ಅರ್ಧವಾದರೂ ಗೆರೆ ಉಳಿದಿರುತ್ತದೆ.

ಹಂತ 3: ದೇಹದ ತಟ್ಟೆಯ ಆಕಾರ

ತೊರಕೆಯ ತಲೆ, ಮೈ, ಎದೆಯ ರೆಕ್ಕೆ ಮೂರೂ ಕೂಡಿ ಆದ ಚಪ್ಪಟೆ ಭಾಗವನ್ನು ಇಲ್ಲಿ ತಟ್ಟೆ ಎನ್ನುತ್ತಿದ್ದೇವೆ. ರಿಬ್ಬನ್‌ಟೇಲ್‌ನ ತಟ್ಟೆ ಮೊಟ್ಟೆಯಾಕಾರ, ಅಗಲಕ್ಕಿಂತ ಉದ್ದ ಹೆಚ್ಚು. ಅಗಲ ಉದ್ದದ ಐದರಲ್ಲಿ ನಾಲ್ಕು ಭಾಗದಷ್ಟು. ರೆಕ್ಕೆಯ ಹೊರ ಅಂಚು ದುಂಡು, ಎಲ್ಲೂ ಮೂಲೆ ಕಾಣುವುದಿಲ್ಲ.

ಮಾಸ್ಕ್‌ರೇಯ ತಟ್ಟೆ ಗಾಳಿಪಟದಂತೆ ನಾಲ್ಕು ಮೂಲೆಯದು. ಉದ್ದಕ್ಕಿಂತ ಅಗಲವೇ ಹೆಚ್ಚು. ಮೂತಿ ಗಿಡ್ಡ, ಮೊಂಡು ಕೋನ. ರೆಕ್ಕೆಯ ತುದಿಯಲ್ಲಿ ತಿರುವು ಸ್ಪಷ್ಟ.

ಸತ್ತ ಮೀನಿನಲ್ಲಿ ಅಳೆಯುವುದು ಸುಲಭ. ಮೀನನ್ನು ಸಮತಟ್ಟು ಜಾಗದಲ್ಲಿ ಹರಡಿ. ಮೂತಿಯ ತುದಿಯಿಂದ ಎದೆಯ ರೆಕ್ಕೆ ಮುಗಿಯುವ ಹಿಂಬದಿಯವರೆಗೆ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ ಅಗಲ. ಟೇಪನ್ನು ಮೈಯ ಉಬ್ಬಿನ ಮೇಲೆ ಬಾಗಿಸಬೇಡಿ, ಮೇಲೆ ನೇರವಾಗಿ ಹಿಡಿಯಿರಿ. ಬಾಗಿಸಿದರೆ ಅಳತೆ ಹೆಚ್ಚು ಬರುತ್ತದೆ, ಅನುಪಾತ ಕೆಡುತ್ತದೆ. ಸೊಂಟದ ರೆಕ್ಕೆ ಹಿಂದೆ ಚಾಚಿಕೊಂಡಿರುತ್ತದೆ, ಅದನ್ನು ಉದ್ದಕ್ಕೆ ಸೇರಿಸಬಾರದು. ಅಳತೆ ತಪ್ಪಾದಾಗ ಬಹಳ ಸಲ ಕಾರಣ ಇದೇ.

ಫೋಟೊದಿಂದ ಅಳೆಯುವುದಾದರೆ ಎಚ್ಚರ ಬೇಕು. ಮುಂದಿನಿಂದ ತಗ್ಗಿ ತೆಗೆದ ಚಿತ್ರದಲ್ಲಿ ಉದ್ದ ಕುಗ್ಗಿ, ಯಾವ ತೊರಕೆಯೂ ಅಗಲವಾಗಿ ಕಾಣುತ್ತದೆ. ಹಾಗಾಗಿ ರಿಬ್ಬನ್‌ಟೇಲ್‌ನ ಎದುರು ಫೋಟೊ ನೋಡಿ ಮಾಸ್ಕ್‌ರೇ ಎನ್ನುವವರು ಇದ್ದಾರೆ. ಅಂಥ ಚಿತ್ರದಲ್ಲಿ ಅನುಪಾತ ಬಿಟ್ಟು ರೆಕ್ಕೆಯ ಮೂಲೆ ದುಂಡೋ ಚೂಪೋ ಎಂದಷ್ಟೇ ನೋಡಿ. ಮೀನು ಈಜುತ್ತಿದ್ದರೆ ರೆಕ್ಕೆ ಮಡಚಿರುತ್ತದೆ, ಆಗ ಆಕಾರಕ್ಕೆ ಬೆಲೆ ಕೊಡಬೇಡಿ.

ಹಂತ 4: ಕಣ್ಣು ಮತ್ತು ಬೆನ್ನು

ಮಾಸ್ಕ್‌ರೇಯಲ್ಲಿ ಎರಡೂ ಕಣ್ಣುಗಳನ್ನು ದಾಟಿ ಹೋಗುವ ಗಾಢ ಬಣ್ಣದ ಅಡ್ಡಪಟ್ಟಿ ಇರುತ್ತದೆ. ಕೆಂಪು ಛಾಯೆಯ ಮೀನುಗಳಲ್ಲಿ, ಅದರಲ್ಲೂ ಫ್ಲ್ಯಾಶ್ ನೇರವಾಗಿ ಬಿದ್ದ ಫೋಟೊಗಳಲ್ಲಿ, ಈ ಪಟ್ಟಿ ಮಸುಕಾಗುತ್ತದೆ. ಪಟ್ಟಿ ಕಂಡರೆ ಅದು ಮಾಸ್ಕ್‌ರೇ, ಕಾಣದಿದ್ದರೆ ಯಾವ ತೀರ್ಮಾನಕ್ಕೂ ಬರಬೇಡಿ.

ರಿಬ್ಬನ್‌ಟೇಲ್‌ನ ಕಣ್ಣು ದೊಡ್ಡದು, ಹಳದಿ, ತಲೆಯಿಂದ ಎದ್ದು ನಿಂತದ್ದು. ಕಣ್ಣಿನ ಹಿಂದೆಯೇ ಉಸಿರಾಟದ ನೀರು ಎಳೆದುಕೊಳ್ಳುವ ದೊಡ್ಡ ರಂಧ್ರ ಇದೆ. ಈ ರಂಧ್ರ ಎರಡೂ ಮೀನಿನಲ್ಲಿ ಇರುವುದರಿಂದ ಗುರುತಿಗೆ ಅದರಿಂದ ಉಪಯೋಗವಿಲ್ಲ.

ಬೆನ್ನಿನ ನಡುಗೆರೆಯನ್ನು ಸತ್ತ ಮೀನಿನಲ್ಲಿ ಪರೀಕ್ಷಿಸಬಹುದು. ತಲೆಯ ಹಿಂದಿನಿಂದ ಬಾಲದ ಕಡೆಗೆ ಪೆನ್ನಿನ ಮೊಂಡು ತುದಿಯನ್ನು ಮೆಲ್ಲಗೆ ಎಳೆಯಿರಿ. ಮಾಸ್ಕ್‌ರೇಯಲ್ಲಿ ಸಣ್ಣ ಮುಳ್ಳುಗಳ ಸಾಲು ಪೆನ್ನಿಗೆ ತಡೆಯುತ್ತದೆ. ರಿಬ್ಬನ್‌ಟೇಲ್‌ನ ಚರ್ಮ ಬಹುಪಾಲು ನುಣುಪು, ದೊಡ್ಡ ಮೀನಿನ ಬೆನ್ನ ನಡುವೆ ಅಲ್ಲಲ್ಲಿ ಚಿಕ್ಕ ಮುಳ್ಳು ಸಿಕ್ಕರೂ ಸಾಲಾಗಿ ಇರುವುದಿಲ್ಲ. ಬಣ್ಣ ಕಳೆದುಕೊಂಡು ಮಂಜುಗಡ್ಡೆಯಲ್ಲಿ ಬಿದ್ದಿರುವ, ಬಾಲ ಕತ್ತರಿಸಿದ ಮೀನಿಗೆ ಈ ಪರೀಕ್ಷೆ ಮತ್ತು ತಟ್ಟೆಯ ಅನುಪಾತ ಎರಡೇ ಆಧಾರ. ಅಪಾಯ ತಪ್ಪಿಸಲು ಮೀನುಗಾರರು ದೋಣಿಯಲ್ಲೇ ಬಾಲ ಕಡಿದು ಎಸೆಯುವುದುಂಟು, ಆದ್ದರಿಂದ ಇಂಥ ಮೀನು ಎದುರಾಗುತ್ತಲೇ ಇರುತ್ತದೆ.

ಹೊಟ್ಟೆ ತಿರುಗಿಸಿ ಸಮಯ ಕಳೆಯಬೇಡಿ. ಎರಡರದೂ ಬಿಳಿ.

ಹಂತ 5: ಈಗ ಚುಕ್ಕೆ ನೋಡಿ

ರಿಬ್ಬನ್‌ಟೇಲ್‌ನ ಚುಕ್ಕೆ ದಟ್ಟ, ಹೊಳೆಯುವ ನೀಲಿ. ಗಾತ್ರದಲ್ಲಿ ಸಣ್ಣದು ದೊಡ್ಡದು ಮಿಶ್ರ. ಹಳದಿ ಮಿಶ್ರಿತ ಕಂದು ಅಥವಾ ಹಸಿರು ಮಿಶ್ರಿತ ಕಂದು ಮೈಮೇಲೆ ಬಣ್ಣ ಬಳಿದಂತೆ ಎದ್ದು ಕಾಣುತ್ತದೆ.

ಮಾಸ್ಕ್‌ರೇಯ ಚುಕ್ಕೆ ತಿಳಿನೀಲಿ, ಹೆಚ್ಚಾಗಿ ಸುತ್ತ ಗಾಢ ಉಂಗುರ. ಚುಕ್ಕೆಗಳ ನಡುವೆ ಸಣ್ಣ ಕಪ್ಪು ಕಲೆಗಳು ಚೆದುರಿರುತ್ತವೆ. ಮೈಬಣ್ಣ ಬೂದು ಕಂದಿನಿಂದ ಕೆಂಗಂದಿನವರೆಗೆ.

ಬಣ್ಣವನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ. ನೀರು ಸೂರ್ಯನ ಬೆಳಕಿನ ಕೆಂಪನ್ನು ಮೊದಲ ಕೆಲವೇ ಮೀಟರ್‌ಗಳಲ್ಲಿ ಹೀರಿಕೊಳ್ಳುತ್ತದೆ. ಆಳಕ್ಕೆ ಹೋದಂತೆ ಕೆಂಗಂದು ಮೈ ಬೂದಾಗುತ್ತದೆ, ಇಡೀ ಚಿತ್ರ ನೀಲಿಗೆ ತಿರುಗುತ್ತದೆ, ಮಾಸ್ಕ್‌ರೇಯ ತಿಳಿ ಚುಕ್ಕೆ ಬಿಳಿಯಾಗಿ ಕಾಣುತ್ತದೆ. ಆಮೇಲೆ ಮೊಬೈಲ್‌ನಲ್ಲಿ ಫಿಲ್ಟರ್ ಹಾಕಿದರೆ ಅದೇ ಚುಕ್ಕೆ ಗಾಢ ನೀಲಿಯಾಗಿಬಿಡುತ್ತದೆ. ಗುರುತಿಗೆ ಫೋಟೊ ಕಳಿಸುವಾಗ ತಿದ್ದದ ಮೂಲ ಚಿತ್ರವನ್ನೇ ಕಳಿಸಿ. ಟಾರ್ಚ್ ಬೆಳಕಿನಲ್ಲಿ ನೋಡಿದ ಬಣ್ಣವನ್ನು ಸ್ಲೇಟಿನಲ್ಲಿ ಅಲ್ಲೇ ಬರೆದುಕೊಳ್ಳಿ. ಸತ್ತ ಮೇಲೆ ನೀಲಿ ಬೇಗ ಮಾಸುತ್ತದೆ, ಹಾಗಾಗಿ ಧಕ್ಕೆಯಲ್ಲಿ ಚುಕ್ಕೆಯನ್ನು ಆಧಾರ ಮಾಡಿಕೊಳ್ಳಲೇಬೇಡಿ.

ಹಂತ 6: ಜಾಗ, ನಡವಳಿಕೆ, ಗಾತ್ರ

ಇವು ಸಾಕ್ಷಿಯನ್ನು ಬಲಪಡಿಸುತ್ತವೆ, ತೀರ್ಪು ಕೊಡುವುದಿಲ್ಲ.

ರಿಬ್ಬನ್‌ಟೇಲ್ ಹವಳದ ದಿಬ್ಬಕ್ಕೆ ಅಂಟಿಕೊಂಡ ಮೀನು. ಸಾಮಾನ್ಯವಾಗಿ 20ರಿಂದ 25 ಮೀಟರ್ ಆಳದ ಒಳಗೆ ಸಿಗುತ್ತದೆ. ಉಬ್ಬರದಲ್ಲಿ ಮರಳಿನ ತಗ್ಗು ನೀರಿಗೆ ಗುಂಪಾಗಿ ಬಂದು ಚಿಪ್ಪುಜೀವಿ, ಹುಳು, ಸೀಗಡಿ, ಏಡಿ ಹುಡುಕುತ್ತದೆ, ಇಳಿತದಲ್ಲಿ ಚೆದುರಿ ಹವಳದ ಅಡಿಯ ಪೊಟರೆ ಸೇರುತ್ತದೆ. ಮರಳಿನಲ್ಲಿ ಹೂತುಕೊಳ್ಳುವುದು ಕಡಿಮೆ. ಕಲ್ಲಿನ ಸಂದಿಯಿಂದ ಬಾಲ ಮಾತ್ರ ಹೊರಗೆ ಚಾಚಿದ್ದರೆ ಮೊದಲು ಇದನ್ನೇ ಅನುಮಾನಿಸಿ, ಆಮೇಲೆ ಗೆರೆ ನೋಡಿ ಖಚಿತಪಡಿಸಿಕೊಳ್ಳಿ.

ಮಾಸ್ಕ್‌ರೇ ದಿಬ್ಬದ ಹತ್ತಿರದ ಮರಳು ಮತ್ತು ಕೆಸರಿನ ತಳ ಇಷ್ಟಪಡುತ್ತದೆ. ಸುಮಾರು 90 ಮೀಟರ್ ಆಳದವರೆಗೂ ಹೋಗುತ್ತದೆ. ಅದಕ್ಕೇ ತಳ ಗೋರುವ ಟ್ರಾಲ್ ಬಲೆಗೆ ಹೆಚ್ಚು ಬೀಳುವುದು ಇದು. ಮರಳಿನಲ್ಲಿ ಮೈ ಹೂತು ಕಣ್ಣು ಮತ್ತು ಬಾಲ ಮಾತ್ರ ಹೊರಗಿಡುವುದು ಇದರ ಅಭ್ಯಾಸ. ಹೂತ ಮೀನನ್ನು ಕೆದಕಿ ಎಬ್ಬಿಸಬೇಕಾಗಿಲ್ಲ. ಹೊರಗೆ ಕಾಣುವ ಆ ಎರಡು ಭಾಗದಲ್ಲೇ ಪಟ್ಟಿಯೂ ಪಟ್ಟೆಯೂ ಇರುತ್ತವೆ.

ರಿಬ್ಬನ್‌ಟೇಲ್‌ನ ತಟ್ಟೆ ಸುಮಾರು 35 ಸೆಂಟಿಮೀಟರ್ ಅಗಲದವರೆಗೆ ಬೆಳೆಯುತ್ತದೆ, ಮಾಸ್ಕ್‌ರೇ ಗುಂಪಿನಲ್ಲಿ 47 ಸೆಂಟಿಮೀಟರ್‌ವರೆಗೂ ದಾಖಲೆ ಇದೆ. ಆದರೆ ನೀರಿನಡಿ ಕಣ್ಣಳತೆಯನ್ನು ನಂಬಬಾರದು. ಡೈವಿಂಗ್ ಕನ್ನಡಕದ ಒಳಗಿನ ಗಾಳಿಯಿಂದಾಗಿ ವಸ್ತುಗಳು ಸುಮಾರು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತವೆ. 30 ಸೆಂಟಿಮೀಟರ್‌ನ ಮೀನನ್ನು 40 ಎಂದು ಬರೆದು, ಇಷ್ಟು ದೊಡ್ಡದು ರಿಬ್ಬನ್‌ಟೇಲ್ ಆಗಿರಲಾರದು ಎಂದು ಕೈಬಿಡುವುದು ಹೀಗೆಯೇ. ಸಣ್ಣ ಗಾತ್ರದಿಂದಲೂ ಏನೂ ಸಾಬೀತಾಗುವುದಿಲ್ಲ. ರಿಬ್ಬನ್‌ಟೇಲ್‌ನ ಮರಿ ತಾಯಿಯ ಹೊಟ್ಟೆಯಿಂದಲೇ 13–14 ಸೆಂಟಿಮೀಟರ್ ಅಗಲವಾಗಿ, ದೊಡ್ಡವುಗಳ ಚಿತ್ತಾರ ಹೊತ್ತೇ ಹುಟ್ಟುತ್ತದೆ.

ಸೊಂಟದ ರೆಕ್ಕೆಯ ಪಕ್ಕದಲ್ಲಿ ಎರಡು ಕೊಳವೆಯಂಥ ಅಂಗ ಇದ್ದರೆ ಅದು ಗಂಡು. ಬರೆದಿಟ್ಟುಕೊಳ್ಳಿ, ಆದರೆ ಪ್ರಭೇದ ಬೇರ್ಪಡಿಸಲು ಅದು ನೆರವಾಗದು.

ಹಂತ 7: ಹೆಸರನ್ನು ಎಲ್ಲಿಗೆ ನಿಲ್ಲಿಸಬೇಕು

ಅನುಭವಿಗಳೂ ಎಡವುವುದು ಇಲ್ಲಿ. ಮಾಸ್ಕ್‌ರೇ ಎಂದು ಖಚಿತವಾದ ಕೂಡಲೇ ‘ನಿಯೋಟ್ರೈಗಾನ್ ಕುಹ್ಲಿಯೈ’ ಎಂದು ಬರೆಯುತ್ತಾರೆ. ಹಳೆಯ ಕೈಪಿಡಿಗಳಲ್ಲಿ ಆಫ್ರಿಕಾದಿಂದ ಪೆಸಿಫಿಕ್‌ವರೆಗಿನ ಎಲ್ಲ ನೀಲಿ ಚುಕ್ಕೆಯ ಮಾಸ್ಕ್‌ರೇಗಳಿಗೂ ಅದೇ ಹೆಸರಿತ್ತು. 2016ರಲ್ಲಿ ಈ ಗುಂಪನ್ನು ಮರುಪರಿಶೀಲಿಸಿದಾಗ ಆ ಹೆಸರು ಸಾಲೊಮನ್ ದ್ವೀಪಗಳ ಮೀನಿಗೆ ಸೀಮಿತವಾಯಿತು, ಉಳಿದವಕ್ಕೆ ಬೇರೆ ಹೆಸರುಗಳು ಬಂದವು. ಭಾರತದ ಕರಾವಳಿಯ ಮೀನನ್ನು 2018ರಲ್ಲಿ ನಿಯೋಟ್ರೈಗಾನ್ ಇಂಡಿಕಾ ಎಂದು ವಿವರಿಸಲಾಯಿತು. ಈ ಗುಂಪಿನ ಹಲವು ಪ್ರಭೇದಗಳನ್ನು ಬೇರ್ಪಡಿಸಿರುವುದು ಬಹುಮಟ್ಟಿಗೆ ಡಿಎನ್‌ಎ ಆಧಾರದಿಂದ. ಫೋಟೊ ನೋಡಿ ಅಷ್ಟು ಆಳಕ್ಕೆ ಇಳಿಯಲಾಗದು.

ಹಾಗಾಗಿ ಫೋಟೊ ಮಾತ್ರ ಇದ್ದರೆ ‘ನಿಯೋಟ್ರೈಗಾನ್, ಪ್ರಭೇದ ಅನಿರ್ಧಾರಿತ’ ಎಂದು ಬರೆದು ಜಾಗವನ್ನು ನಿಖರವಾಗಿ ಕೊಡಿ. ಜೀವಿಗಳ ಫೋಟೊ ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ಆ್ಯಪ್ ತಾನಾಗಿ ಸೂಚಿಸುವ ಹೆಸರನ್ನು ಕಣ್ಣುಮುಚ್ಚಿ ಒಪ್ಪಬೇಡಿ, ಕುಲದ ಮಟ್ಟವನ್ನೇ ಆರಿಸಿ. ಕುಲದವರೆಗೆ ಸರಿಯಾಗಿರುವ ದಾಖಲೆಯನ್ನು ಮುಂದೆ ತಜ್ಞರು ಇನ್ನಷ್ಟು ನಿಖರಗೊಳಿಸಬಹುದು. ತಪ್ಪು ಪ್ರಭೇದದ ಹೆಸರಾದರೆ ನಕ್ಷೆಯಲ್ಲಿ ಇಲ್ಲದ ಮೀನನ್ನು ಇದೆ ಎಂದು ತೋರಿಸುತ್ತದೆ.

ರಿಬ್ಬನ್‌ಟೇಲ್ ಕಡೆ ತೊಡಕು ಕಡಿಮೆ. 1775ರಲ್ಲಿ ಕೆಂಪು ಸಮುದ್ರದ ಮೀನಿನಿಂದ ವಿವರಿಸಿದ ಟೀನಿಯೂರಾ ಲಿಮ್ಮಾ ಎಂಬ ಹೆಸರು ಅಲ್ಲಿಂದ ಅಂಡಮಾನ್, ಆಗ್ನೇಯ ಏಷ್ಯಾದವರೆಗೆ ನಡೆಯುತ್ತದೆ. ಪಪುವಾ ನ್ಯೂಗಿನಿ ಮತ್ತು ಸಾಲೊಮನ್ ಕಡೆಯಲ್ಲಿ ಮಾತ್ರ ಎಚ್ಚರ. ಅಲ್ಲಿ 2016ರಲ್ಲಿ ಟೀನಿಯೂರಾ ಲೆಸ್ಸೋನಿ ಎಂಬ ಹತ್ತಿರದ ಪ್ರಭೇದವನ್ನು ಗುರುತಿಸಲಾಗಿದೆ, ಅದರ ಬಾಲದಲ್ಲಿ ನೀಲಿ ಗೆರೆ ಇಲ್ಲ. ಆ ಭಾಗದಲ್ಲಿ ‘ಗೆರೆ ಇಲ್ಲ, ಆದ್ದರಿಂದ ಮಾಸ್ಕ್‌ರೇ’ ಎನ್ನುವ ತರ್ಕ ನಡೆಯದು. ಅಡ್ಡಪಟ್ಟೆ, ಕಣ್ಣಿನ ಪಟ್ಟಿ, ತಟ್ಟೆಯ ಮೂಲೆ ಮೂರನ್ನೂ ನೋಡಬೇಕು.

ಲಕ್ಷಣಗಳು ಒಂದಕ್ಕೊಂದು ವಿರುದ್ಧವಾಗಿ ಬಂದರೆ ಎಳೆದು ಹೊಂದಿಸಬೇಡಿ. ಬಾಲ ಕಾಣದ, ಮುಂದಿನಿಂದ ತೆಗೆದ, ನೀಲಿಗೆ ತಿರುಗಿದ ಫೋಟೊಗೆ ‘ಡ್ಯಾಸಿಯಾಟಿಡೇ ಕುಟುಂಬ’ ಎಂಬುದೇ ಸರಿಯಾದ ಉತ್ತರ.

ಮುಳ್ಳು ಚುಚ್ಚಿದರೆ

ಎರಡೂ ಮೀನಿನ ಮುಳ್ಳು ವಿಷಯುಕ್ತ. ಮೊದಲು ನೀರಿನಿಂದ ಹೊರಗೆ ಬನ್ನಿ, ರಕ್ತ ಸುರಿಯುತ್ತಿದ್ದರೆ ಒತ್ತಿ ಹಿಡಿಯಿರಿ. ಕೈಕಾಲಿನ ಗಾಯವಾದರೆ ಸಹಿಸುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಸೆಲ್ಸಿಯಸ್ ಮೀರದಂತೆ, 30ರಿಂದ 90 ನಿಮಿಷ ಮುಳುಗಿಸಿಡಿ. ವಿಷದ ಪ್ರೋಟೀನು ಶಾಖಕ್ಕೆ ಕೆಡುವುದರಿಂದ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಗಾಯವಾಗದ ಇನ್ನೊಂದು ಕೈಯಿಂದ ನೋಡಿ. ನೋವಿನಲ್ಲಿರುವ ಕಾಲಿಗೆ ಸುಡುವುದು ಗೊತ್ತಾಗುವುದಿಲ್ಲ.

ಎದೆ, ಹೊಟ್ಟೆ, ಕುತ್ತಿಗೆಗೆ ನಾಟಿದ ಮುಳ್ಳನ್ನು ಕೀಳಬೇಡಿ. ಅಂಚಿನ ಹಲ್ಲುಗಳು ಹಿಮ್ಮುಖವಾಗಿರುವುದರಿಂದ ಎಳೆದರೆ ಒಳಗೆ ಹರಿಯುತ್ತದೆ. ಇದ್ದಂತೆಯೇ ಅಲುಗದ ಹಾಗೆ ಕಟ್ಟಿ ಆಸ್ಪತ್ರೆಗೆ ಒಯ್ಯಿರಿ. ಸಣ್ಣ ಗಾಯವಾದರೂ ಟೆಟನಸ್ ಚುಚ್ಚುಮದ್ದು ಮತ್ತು ಮುಳ್ಳಿನ ಚೂರು ಉಳಿದಿದೆಯೇ ಎಂದು ಪರೀಕ್ಷೆ ಆಗಲೇಬೇಕು. ಎರಡು ಮೂರು ದಿನದ ಮೇಲೆ ಊತ, ಕೆಂಪು, ಜ್ವರ ಬಂದರೆ ಸೋಂಕಾಗಿದೆ ಎಂದು ತಿಳಿದು ಮತ್ತೆ ವೈದ್ಯರ ಬಳಿ ಹೋಗಿ.

ಹಂತ 8: ದಾಖಲೆ ಬರೆಯುವುದು

ದೋಣಿಗೆ ಹತ್ತಿದ ತಕ್ಷಣ ಬರೆಯಿರಿ: ದಿನಾಂಕ, ಡೈವ್ ಜಾಗ, ಆಳ, ತಳ ಹವಳವೋ ಮರಳೋ ಕೆಸರೋ, ಉಬ್ಬರವೋ ಇಳಿತವೋ, ಗಂಡೋ ಹೆಣ್ಣೋ. ಗಾತ್ರ ಬರೆದರೆ ‘ಕಣ್ಣಳತೆ’ ಎಂದು ಸೇರಿಸಿ. ಹೆಸರಿನ ಮುಂದೆ ಯಾವ ಲಕ್ಷಣದಿಂದ ಆ ಹೆಸರು ಕೊಟ್ಟಿರಿ ಎಂಬುದೂ ಇರಲಿ. ಉದಾಹರಣೆಗೆ, ‘ಟೀನಿಯೂರಾ ಲಿಮ್ಮಾ, ಬಾಲದ ಪಕ್ಕದಲ್ಲಿ ನೀಲಿ ಗೆರೆ ಸ್ಪಷ್ಟ, ತಟ್ಟೆ ದುಂಡು, ಬಾಲದ ತುದಿ ಇಲ್ಲ’. ಕಾಣದ ಲಕ್ಷಣವನ್ನೂ ಹೀಗೆ ಬರೆದಿಟ್ಟರೆ ಮುಂದೆ ನೋಡುವವರಿಗೆ ನಿಮ್ಮ ತೀರ್ಮಾನ ಎಷ್ಟು ಗಟ್ಟಿ ಎಂದು ತಿಳಿಯುತ್ತದೆ.

ಹಳೆಯ ಫೋಟೊಗಳನ್ನು ತಿದ್ದುವಾಗಲೂ ಇದೇ ಕ್ರಮ ಹಿಡಿಯಿರಿ. ‘ಬ್ಲೂ ಸ್ಪಾಟೆಡ್’ ಎಂಬ ಹೆಸರಿನವನ್ನೆಲ್ಲ ಒಂದೆಡೆ ಹಾಕಿ, ಬಾಲ ಕಾಣುವವನ್ನು ಮೊದಲು ಬೇರ್ಪಡಿಸಿ, ಬಾಲ ಕಾಣದವನ್ನು ಮೂರನೇ ಹಂತದಿಂದ ನೋಡುತ್ತಾ ಬನ್ನಿ.